ಗುಡ್ಡದ ಮ್ಯಾಲ ಮಳಿ ಕುಂತೈತೇನು?

ಕಪ್ಪತಗುಡ್ಡ ಹತ್ತೋದಕ್ಕಿಂತ ಮುಂಚೆ ನಾನು ಜಪಾನಿನ ಒಂದು ಗುಡ್ಡ ಹತ್ತಿ ಬಂದೆ. ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆ. ಯಾಕಂದ್ರೆ ಮುಂಡರಗಿ ತಾಲೂಕಿನ ನಮ್ಮೂರಲ್ಲಿ, ಮನೆ ಹಿತ್ತಲಿಗೆ ಹೋಗಿ ನಿಂತರೆ ಪಡುವಣಕ್ಕೆ ಕಾಣೋದೇ ಕಪ್ಪತಗುಡ್ಡ. ದಿನಾ ಸಂಜೆ ಸೂರ್ಯ ಅದರ ಹಿಂದೆಯೇ ಇಳೀತಾನೆ. "ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು" ಅಂತ ಗಾದೆ ಬೇರೆ ಇದೆ ನಮ್ಮ ಕಡೆ. ನಾನು ಕುಮಾರಪರ್ವತ, ಸ್ಕಂದಗಿರಿ, ಸಾವನದುರ್ಗ ಅಂತ ಬೆಂಗಳೂರಿನವರು ವಾರಾಂತ್ಯಕ್ಕೆ ಹತ್ತೋದನ್ನೆಲ್ಲ ಹತ್ತಿ ಫೋಟೋ ತೆಗೆಸಿಕೊಂಡಿದ್ದೆ. ಹಿತ್ತಲಿನದನ್ನ ಮಾತ್ರ ಬಿಟ್ಟಿದ್ದೆ.

ನಿಜ ಹೇಳಬೇಕಂದ್ರೆ ನಮ್ಮ ಮನೆಯಲ್ಲಿ ಗುಡ್ಡ ಅನ್ನೋದು ಹತ್ತೋಕೆ ಇದ್ದದ್ದಲ್ಲ, ನೋಡೋಕೆ ಇದ್ದದ್ದು. ಜೂನ್ ತಿಂಗಳು ಬಂತೆಂದರೆ ಅಪ್ಪ ಎದ್ದು ಮುಖ ತೊಳೆಯೋ ಮುಂಚೆ ಹಿತ್ತಲಿಗೆ ಹೋಗ್ತಿದ್ದ. ಕೈಯಲ್ಲಿ ಕೆಲಸ ಇದ್ದರೆ ನನ್ನನ್ನ ಕಳಿಸ್ತಿದ್ದ. "ಗುಡ್ಡದ ಮ್ಯಾಲ ಮಳಿ ಕುಂತೈತೇನು ನೋಡಿ ಬಾ ತಮ್ಮಾ." ಮೋಡ ನೆತ್ತಿ ಮುಚ್ಚಿ ಕೆಳಗೆ ಇಳಿದಿದ್ದರೆ ಮಳೆ 'ಕುಂತೈತಿ' ಅಂತ ಅರ್ಥ, ಮಧ್ಯಾಹ್ನದೊಳಗೆ ನಮ್ಮ ಕಡೆ ಎದ್ದು ಬರಬಹುದು. ಗಾಳಿಯಂತ್ರಗಳ ರೆಕ್ಕೆ ಸ್ಪಷ್ಟ ಕಂಡರೆ ಇಲ್ಲ. (ಊರಲ್ಲಿ ಅವಕ್ಕೆ ಫ್ಯಾನು ಅಂತಾರೆ. ಚಿಕ್ಕವನಿದ್ದಾಗ ಗದಗಿನ ಗಾಳಿಯೆಲ್ಲ ಆ ಫ್ಯಾನುಗಳಿಂದಲೇ ಬರೋದು ಅಂದುಕೊಂಡಿದ್ದೆ.) ನಮ್ಮ ಹವಾಮಾನ ಇಲಾಖೆಯ ಇನ್ನೊಂದು ಕಚೇರಿ ಲಕ್ಷ್ಮೇಶ್ವರದಲ್ಲಿತ್ತು, ಅಂದ್ರೆ ಅಪ್ಪನ ಅಕ್ಕ. ಮುಂಗಾರಿನ ಮೋಡ ಬರೋದು ಆ ಕಡೆಯಿಂದ. ಮೊದಲು ಲಕ್ಷ್ಮೇಶ್ವರ, ಆಮೇಲೆ ಶಿರಹಟ್ಟಿ, ಆಮೇಲೆ ಗುಡ್ಡ. ಗುಡ್ಡ ದಾಟಿದರೆ ನಾವು. ಮನೆಗೆ ಫೋನ್ ಬಂದ ಮೇಲೆ ಅಪ್ಪ ಮಾಡಿದ ಕರೆಗಳಲ್ಲಿ ಅರ್ಧದಷ್ಟು "ಅಕ್ಕಾ, ಅಲ್ಲೇನರ ಹನಿ ಐತೇನು?" ಅನ್ನೋಕೇ ಇರಬೇಕು.

ದಾಟೋದೇ ಕಷ್ಟ ಅನ್ನೋದು ಬೇರೆ ಮಾತು. ಅರಬ್ಬೀ ಸಮುದ್ರದಿಂದ ಬಂದ ಮೋಡವನ್ನ ಸಹ್ಯಾದ್ರಿ ಮೊದಲೇ ಹಿಂಡಿಕೊಂಡು ಬಿಡುತ್ತೆ. ಆಗುಂಬೆ ಕಡೆಯವರು ಸಾವಿರಗಟ್ಟಲೆ ಮಿಲಿಮೀಟರ್ ಲೆಕ್ಕ ಹೇಳೋವಾಗ ಗದಗ ಜಿಲ್ಲೆಗೆ ವರ್ಷಪೂರ್ತಿ ಸಿಗೋದು 600ರ ಆಸುಪಾಸು. ಉಳಿದ ಪಳಿದ ಮೋಡಕ್ಕೆ ಮಧ್ಯದಲ್ಲಿ ಅಡ್ಡ ಸಿಗೋ ಎತ್ತರ ಅಂದ್ರೆ ಈ ಗುಡ್ಡದ ಸಾಲು ಒಂದೇ. ಉತ್ತರ ಕರ್ನಾಟಕದ ಸಹ್ಯಾದ್ರಿ ಅಂತ ಅದಕ್ಕೆ ಹೆಸರು. ಅಸಲಿ ಸಹ್ಯಾದ್ರಿ ಕುಡಿದು ಬಿಟ್ಟದ್ದನ್ನ ಕುಡಿಯೋ ಸಹ್ಯಾದ್ರಿ.

ಈಗ ಜಪಾನಿನ ವಿಷಯ. 2023ರ ಮೇ ತಿಂಗಳಲ್ಲಿ ಕಂಪನಿಯವರು ಏಳು ತಿಂಗಳಿಗೆ ಟೋಕಿಯೋಗೆ ಕಳಿಸಿದ್ದರು. ಆ ವರ್ಷದ ಮಳೆ ನಿಮಗೆ ನೆನಪಿರಬಹುದು. ಜೂನ್‌ನಲ್ಲಿ ತಡ, ಜುಲೈಯಲ್ಲಿ ಆಸೆ ತೋರಿಸಿ, ಆಗಸ್ಟ್‌ನಲ್ಲಿ ಮಾಯ. ಇಡೀ ದೇಶಕ್ಕೆ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ ಅಂತ ಹವಾಮಾನ ಇಲಾಖೆಯೇ ಹೇಳಿತು. ಅಪ್ಪ ಜುಲೈ ಮಳೆ ನಂಬಿ ಹೆಸರು ಬಿತ್ತಿದ್ದ. ಹೂವು ಬಿಡೋ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿತು. ಬಿಡಿಸೋ ಆಳಿನ ಕೂಲಿಯೂ ಹುಟ್ಟಲ್ಲ ಅಂತ ಹೊಲದಲ್ಲೇ ಬಿಟ್ಟರು.

ಆಗಸ್ಟ್ ಮುಗಿದ ಮಾರನೇ ದಿನ, ಶುಕ್ರವಾರ ರಾತ್ರಿ, ಅಪ್ಪ ಫೋನ್ ಮಾಡಿದ್ದ. ಎರಡು ಬೋರ್ ಹಾಕಿಸಿ ಎರಡೂ ಫೇಲಾಗಿ ಸಾಲ ಆಗಿತ್ತು. "ಗುಡ್ಡದ ಕಡೀದು ಮೂರ್ ಎಕರೆ ಮಸಾರಿ ಕೊಟ್ಟುಬಿಡೋಣೇನು? ಒಬ್ಬರು ಕೇಳಾಕತ್ತಾರ" ಅಂದ. ನಾನು ಆಗ ಒಂದು ಬಿಲ್ಡ್ ಮುಗಿಯೋದನ್ನ ಕಾಯ್ತಾ ಸ್ಕ್ರೀನ್ ನೋಡ್ತಿದ್ದೆ. "ಕೊಟ್ಟುಬಿಡಪ್ಪಾ, ಅದರಾಗ ಏನ್ ಬರ್ತೈತಿ?" ಅಂದೆ. ಎರಡು ಸೆಕೆಂಡ್ ಕೂಡ ತಗೊಂಡಿರಲಿಲ್ಲ. ಅಪ್ಪ "ಹೂಂ" ಅಂದು ಇಟ್ಟ. ಸಾಲ ನಾನು ತೀರಿಸ್ತೀನಿ ಅನ್ನಬಹುದಿತ್ತು. ಬೆಂಗಳೂರಲ್ಲಿ ಫ್ಲಾಟಿಗೆ ಅಡ್ವಾನ್ಸ್ ಕೊಡೋ ಲೆಕ್ಕ ತಲೆಯಲ್ಲಿತ್ತು. ಅದಕ್ಕೇ ಅನ್ನಲಿಲ್ಲ.

ಮರುದಿನ ಶನಿವಾರ ಓಯಾಮಾಗೆ ಹೋದೆ. ಮೊದಲೇ ಯೋಚಿಸಿಟ್ಟಿದ್ದು. ಆಫೀಸಿನ ಹಿರಿಯರೊಬ್ಬರು, "ಕೊಡೆ ತಗೊಂಡು ಹೋಗಪ್ಪ, ಆ ಗುಡ್ಡದ ಹೆಸರೇ ಹಾಗೆ" ಅಂದಿದ್ದರು. ಓಯಾಮಾ ಅಂದ್ರೆ ಬರೀ 'ದೊಡ್ಡ ಗುಡ್ಡ'. ಅದಕ್ಕಿರೋ ಇನ್ನೊಂದು ಹೆಸರು ಅಫುರಿ, ಅಂದ್ರೆ ಮಳೆ ಸುರಿಯೋದು. ಮಳೆಗುಡ್ಡ ಅನ್ನಿ. ಎತ್ತರ 1252 ಮೀಟರ್. ಟೋಕಿಯೋದ ಶಿಂಜುಕುವಿನಿಂದ ಓದಾಕ್ಯು ರೈಲಿನಲ್ಲಿ ಒಂದು ತಾಸು ಕೂತರೆ ಇಸೆಹರಾ, ಅಲ್ಲಿಂದ ಬಸ್ಸು. ಬಸ್ ಇಳಿದರೆ ಮೆಟ್ಟಿಲ ದಾರಿ, ಎರಡೂ ಕಡೆ ಅಂಗಡಿ. ಮಾರೋದೇನು ಗೊತ್ತಾ? ಕಟ್ಟಿಗೆ ಬುಗುರಿ! ಮತ್ತೆ ತೋಫು. ಗುಡ್ಡದ ನೀರು ಒಳ್ಳೇದು, ಅದಕ್ಕೇ ತೋಫು ಒಳ್ಳೇದು ಅಂತ ಅವರ ಹೆಮ್ಮೆ. ನಮ್ಮ ಜಾತ್ರೆಯ ಬೆಂಡು ಬತ್ತಾಸಿನ ಓಣಿಯಲ್ಲಿ ನಡೆದ ಹಾಗೇ ಆಯ್ತು.

ಕೇಬಲ್ ಕಾರ್ ಇತ್ತು, ನಾನು ನಡೆದೆ. ದಾರಿಯಲ್ಲಿ ಓಯಾಮಾ-ದೇರಾ ಅನ್ನೋ ಬೌದ್ಧ ಮಂದಿರ. 755ರಲ್ಲಿ ಕಟ್ಟಿದ್ದು ಅಂತ ಐತಿಹ್ಯ. ಅದು ಮೊದಲು ಇದ್ದದ್ದು ಇನ್ನೂ ಮೇಲೆ. 1868ರಲ್ಲಿ ಮೇಜಿ ಸರ್ಕಾರ ಬುದ್ಧ ಬೇರೆ, ಊರ ದೇವರು ಬೇರೆ ಅಂತ ಆಜ್ಞೆ ಮಾಡಿದ ಮೇಲೆ ಬೌದ್ಧರು ಕೆಳಗಿಳಿಯಬೇಕಾಯ್ತು, ಆ ಜಾಗದಲ್ಲಿ ಈಗ ಅಫುರಿ ಶಿಂಟೋ ಗುಡಿ ಇದೆ. ಗುಡಿಯ ಕೆಳಗೆ ಬುಗ್ಗೆಯ ನೀರು ಬರುತ್ತೆ, ಜನ ಬಾಟಲಿ ತುಂಬಿಕೊಳ್ತಾರೆ. ಅಲ್ಲಿಂದ ನೆತ್ತಿಯವರೆಗೆ ದಾರಿಯುದ್ದಕ್ಕೂ ಕಲ್ಲು ನೆಟ್ಟು ಸಂಖ್ಯೆ ಕೊರೆದಿದ್ದಾರೆ, ಒಂದರಿಂದ ಇಪ್ಪತ್ತೆಂಟು. ಇಪ್ಪತ್ತೆಂಟನೇದು ನೆತ್ತಿ. ಕೊನೇ ಹತ್ತರಲ್ಲಿ ನನ್ನ ಹಾಗೆ ಕೂತು ಕೆಲಸ ಮಾಡೋ ಯಾರಿಗಾದ್ರೂ ತಾವು ಯಾಕೆ ಬಂದೆವು ಅನಿಸುತ್ತೆ :)

ಎದೋ ಕಾಲದಲ್ಲಿ, ಅಂದ್ರೆ ಟೋಕಿಯೋಗೆ ಇನ್ನೂ ಎದೋ ಅಂತ ಹೆಸರಿದ್ದಾಗ, ಸಾವಿರಾರು ಜನ ಗುಂಪು ಕಟ್ಟಿಕೊಂಡು ಈ ಗುಡ್ಡಕ್ಕೆ ನಡೆದು ಬರ್ತಿದ್ದರಂತೆ. ಬೆಂಕಿ ಆರಿಸೋರು, ಬಡಗಿಗಳು ಎಲ್ಲ ಮರದ ಖಡ್ಗ ಹೊತ್ತು ಬಂದು ಅರ್ಪಿಸ್ತಿದ್ದರಂತೆ. ಸುತ್ತಲಿನ ಬಯಲಿನ ರೈತರು ಬರ್ತಿದ್ದದ್ದು ಮಾತ್ರ ಮಳೆಗೆ. ಸಾಗಾಮಿ ಕೊಲ್ಲಿಯಿಂದ ಬರೋ ತೇವದ ಗಾಳಿಗೆ ಎದುರಾಗೋ ಮೊದಲ ಎತ್ತರಗಳಲ್ಲಿ ಇದೂ ಒಂದು. ಗಾಳಿ ಮೇಲೇರಿ ತಣ್ಣಗಾಗಿ ಮೋಡ ಆಗುತ್ತೆ. ಬಯಲಲ್ಲಿ ನಿಂತವನಿಗೆ ಮಳೆ ಗುಡ್ಡದಲ್ಲೇ ಹುಟ್ಟಿದ ಹಾಗೆ ಕಾಣುತ್ತೆ. ಅಲ್ಲಿಯ ದೇವರುಗಳೂ ಹಾಗೇ: ಒಬ್ಬ ಗುಡ್ಡದ ದೇವರು, ಒಬ್ಬ ನೀರಿನ ದೇವರು, ಒಬ್ಬ ಸಿಡಿಲಿನ ದೇವರು. ಅವರೆಲ್ಲರಿಗಿಂತ ಮುಂಚೆ ಜನ ಕೈಮುಗಿದದ್ದು ನೆತ್ತಿಯ ಮೇಲಿನ ಒಂದು ಬಂಡೆಗಲ್ಲಿಗೆ. ಕಲ್ಲಿಗೆ ಕೈಮುಗಿಯೋದನ್ನ ನನಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ನಾನು ನೆತ್ತಿ ಮುಟ್ಟಿದಾಗ ಸಮುದ್ರ ಕಾಣಲಿಲ್ಲ. ಬಿಳಿ ಮಂಜು, ಆಮೇಲೆ ಮಳೆ. ಎಲ್ಲರೂ ಶಿಸ್ತಾಗಿ ಚೀಲದಿಂದ ರೇನ್‌ಕೋಟ್ ತೆಗೆದು ಹಾಕಿಕೊಂಡರು. ನಾನು ಗುಡಿಯ ಸೂರಿನ ಕೆಳಗೆ ನಿಂತು ಐದು ಯೆನ್ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ ಕಣ್ಣು ಮುಚ್ಚಿದೆ. ಏನು ಕೇಳಬೇಕು ಅಂತ ಯೋಚಿಸಿರಲಿಲ್ಲ. "ನಮ್ ಹೊಲಕ್ಕ ಒಂದೀಟು ಮಳಿ" ಅಂತ ಬಾಯಲ್ಲಿ ಬಂದೇ ಬಿಡ್ತು. ಕಣ್ಣು ಬಿಟ್ಟ ಮೇಲೆ ನಗು ಬಂತು, ಈ ದೇವರ ಹೋಬಳಿಯೇ ಬೇರೆ! ಅದೂ ಹಿಂದಿನ ರಾತ್ರಿಯಷ್ಟೇ ಅದೇ ಹೊಲ ಮಾರಿಬಿಡು ಅಂದವನು ನಾನು. ಅಲ್ಲಿ ಸೂರಿನಿಂದ ಸುರೀತಿದ್ದ ನೀರು ನೋಡ್ತಾ ನಿಂತಾಗ ಹೊಳೀತು, ನಮ್ಮ ಗುಡ್ಡದ ಮೇಲೆ ನಿಂತು ನಾನು ಒಂದು ಸಲವೂ ಇದನ್ನ ಕೇಳಿಲ್ಲ.

ಕೆಳಗೆ ಬಯಲಲ್ಲಿ ನಿಂತು ಕೇಳಿದ್ದೇನೋ ಇದೆ. 2001ರಿಂದ ಮೂರು ವರ್ಷ ಸತತ ಬರ ಬಿತ್ತಲ್ಲ, ಅದರ ಕೊನೇ ವರ್ಷ ನಮ್ಮ ಓಣಿಯ ಹುಡುಗರೆಲ್ಲ ಗುರ್ಚಿ ಹೊತ್ತಿದ್ದೆವು. ಗೊತ್ತಿಲ್ಲದವರಿಗೆ ಹೇಳ್ತೀನಿ. ರೊಟ್ಟಿ ಹಂಚನ್ನ ಬೋರಲು ಮಾಡಿ, ಅದರ ಮೇಲೆ ಸೆಗಣಿಯಲ್ಲಿ ಗುರ್ಚಿ ಮಾಡಿ ಕೂರಿಸಿ, ಗರಿಕೆ ಚುಚ್ಚಿ, ಒಬ್ಬ ಹುಡುಗನ ತಲೆ ಮೇಲೆ ಇಡ್ತಾರೆ. ಅವನು ಮನೆಮನೆ ಮುಂದೆ ಹೋಗಿ ಗರಗರ ತಿರುಗಬೇಕು, ಮನೆಯವರು ಅವನ ತಲೆ ಮೇಲೆ ಕೊಡದಿಂದ ನೀರು ಸುರೀತಾರೆ. ಉಳಿದವರು ಹಾಡು ಹೇಳ್ತಾ ಜೋಳ ಎತ್ತೋದು. ದೊಡ್ಡಪ್ಪನ ಮಗ ಹೊತ್ತಿದ್ದ, ನಾನು ಆರು ವರ್ಷದವನು, ಜೋಳದ ಚೀಲ ಹಿಡಿದಿದ್ದೆ. ಊರಲ್ಲಿ ಕುಡಿಯೋ ನೀರಿಗೇ ಟ್ಯಾಂಕರ್ ಕಾಯ್ತಿದ್ದ ಕಾಲ. ಆದರೂ ಯಾವ ಮನೆಯವರೂ ಅರ್ಧ ಕೊಡ ಸುರಿಯಲಿಲ್ಲ, ತುಂಬಿದ ಕೊಡವೇ. ಆಗ ಅದು ಆಟ. ಈಗ ನೆನೆಸಿಕೊಂಡರೆ ಆ ಕೊಡಗಳೇ ಕಣ್ಣಿಗೆ ಬರೋದು.

ಆಯಿ, ಅಂದ್ರೆ ಅಪ್ಪನ ಅವ್ವ, ಗುಡ್ಡದ ಕಡೆ ಮುಖ ಮಾಡಿ ಕೈಮುಗಿದೇ ನೀರು ಸುರಿದಿದ್ದಳು. ಅವಳ ಮಟ್ಟಿಗೆ ಮಳೆ ಕೊಡೋ ಅಧಿಕಾರ ಇದ್ದದ್ದು ಕಪ್ಪತಮಲ್ಲಯ್ಯನಿಗೆ ಮಾತ್ರ.

ಇಂಥ ಗುಡ್ಡದ ಬಗ್ಗೆ ನನಗೂ ಅಪ್ಪನಿಗೂ ಮೊದಲ ಜಗಳ ಆಗಿದ್ದು 2011ರಲ್ಲಿ. ಹಿಂದಿನ ವರ್ಷದ ಹೂಡಿಕೆದಾರರ ಸಮಾವೇಶದಲ್ಲಿ ಪೋಸ್ಕೊ ಕಂಪನಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಹತ್ತಿರ ಉಕ್ಕಿನ ಕಾರ್ಖಾನೆ ಹಾಕ್ತೀವಿ ಅಂದಿತ್ತು, 32 ಸಾವಿರ ಕೋಟಿ ರೂಪಾಯಿದ್ದು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಬೀದಿಗಿಳಿದರು, ರೈತರು ಹಿಂದೆ ನಿಂತರು, ಜುಲೈ ಹೊತ್ತಿಗೆ ಸರ್ಕಾರ ಕೈಬಿಟ್ಟಿತು. ನಾನು ಹೈಸ್ಕೂಲಿನಲ್ಲಿದ್ದೆ. ಕಾರ್ಖಾನೆ ಬಂದರೆ ಇಂಜಿನಿಯರ್ ಆಗಿ ಊರಲ್ಲೇ ನೌಕರಿ ಅಂತ ಕನಸು ಕಟ್ಟಿದ್ದೆ. ಅಪ್ಪ ಗದಗಿನ ಪ್ರತಿಭಟನೆಗೆ ಹೋಗಿ ಬಂದದ್ದು ಗೊತ್ತಾಗಿ ಎರಡು ದಿನ ಮಾತು ಬಿಟ್ಟಿದ್ದೆ. ಹದಿನಾಲ್ಕು ವರ್ಷದವನ ಸಿಟ್ಟು.

ಆಮೇಲಿನ ಕಥೆ ಪೇಪರ್ ಓದಿದವರಿಗೆ ಗೊತ್ತು. ಆ ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ, ಚಿನ್ನವೂ ಇದೆ. ಬ್ರಿಟಿಷರ ಕಾಲದಲ್ಲೇ ಕಬಲಾಯತಕಟ್ಟಿ ಕಡೆ ಚಿನ್ನಕ್ಕೆ ಅಗೆದಿದ್ದರು. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ, 2016ರಲ್ಲಿ ಅದು ವಾಪಸ್, 2017ರಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ, ಅದೇ ವರ್ಷ ಮತ್ತೆ ಸಂರಕ್ಷಿತ. ಕೊನೆಗೆ 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮ. ತೋಂಟದ ಸ್ವಾಮೀಜಿ ಅದನ್ನ ನೋಡಲಿಲ್ಲ, 2018ರ ಅಕ್ಟೋಬರ್‌ನಲ್ಲೇ ಲಿಂಗೈಕ್ಯರಾಗಿದ್ದರು. ಧರಣಿ ಹೊತ್ತಿಗೆ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ. ಒಂದು ತಾಸಿನ ದಾರಿ. ಇಂಟರ್ನಲ್ಸ್ ಇದೆ ಅಂತ ಹೋಗಲಿಲ್ಲ. ಅಪ್ಪ ಮೂರೂ ದಿನ ಇದ್ದ.

ನಾನು ಜಪಾನಿನಿಂದ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಅಷ್ಟೊತ್ತಿಗೆ ಸರ್ಕಾರ 223 ತಾಲೂಕುಗಳನ್ನ ಬರಪೀಡಿತ ಅಂತ ಸಾರಿತ್ತು. ಜನವರಿಯಲ್ಲಿ ಮೂರೆಕರೆ ಹೋಯ್ತು. ಖರೀದಿ ಪತ್ರದ ದಿನ ನಾನು ಬೆಂಗಳೂರಲ್ಲಿದ್ದೆ. ಫ್ಲಾಟಿನ ಅಡ್ವಾನ್ಸ್ ಕೂಡ ಕೊಟ್ಟಾಗಿತ್ತು.

2024ರ ಮಳೆ ಚೆನ್ನಾಗಿ ಹಿಡಿಯಿತು. ಶ್ರಾವಣದ ಎರಡನೇ ಸೋಮವಾರ, ಆಗಸ್ಟ್ 12ಕ್ಕೆ, ರಜೆ ಹಾಕಿ ಊರಿಗೆ ಹೋಗಿ "ಅಪ್ಪಾ, ಗುಡ್ಡಕ್ಕ ಹೋಗೋಣ ಬಾ" ಅಂದೆ. ಅವನಿಗೆ ಆಶ್ಚರ್ಯ. "ಗಾಡಿ ಹೋಗ್ತೈತಿ ಮ್ಯಾಗಿನ ತನಕ" ಅಂದ. ನಡೆದೇ ಹೋಗೋಣ ಅಂದೆ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳು ಪಲ್ಯ ಕಟ್ಟಿಕೊಟ್ಟಳು. ಉಳಿದ ನಾಲ್ಕೆಕರೆಯ ಹೊಸ ಹೆಸರು ಇನ್ನೂ ಬಿಡಿಸಿರಲಿಲ್ಲ, ಪಲ್ಯದ್ದು ಅಂಗಡಿಯ ಕಾಳು.

ಡೋಣಿಯವರೆಗೆ ಬೈಕು. ಅಲ್ಲಿ ನಂದಿವೇರಿ ಮಠಕ್ಕೆ ನಮಸ್ಕಾರ ಮಾಡಿ ಹತ್ತೋಕೆ ಶುರು. ಓಯಾಮಾದ ದೇವದಾರಿನಂಥ ಮರಗಳನ್ನ ನೆನೆಸಿಕೊಂಡು ಹೋದರೆ ನಿರಾಸೆ ಆಗುತ್ತೆ. ಇಲ್ಲಿರೋದು ಕುರುಚಲು ಕಾಡು, ಕಾರೆಕಂಟಿ, ಆಳೆತ್ತರ ಬಾದೆ ಹುಲ್ಲು. ಬೇಸಿಗೆಯಲ್ಲಿ ಇದೇ ಹುಲ್ಲಿಗೆ ಬೆಂಕಿ ಬಿದ್ದು ರಾತ್ರಿ ನಮ್ಮ ಹಿತ್ತಲಿನಿಂದ ಕೆಂಪು ಸರ ಹಾಕಿದ ಹಾಗೆ ಕಾಣೋದು. ಶ್ರಾವಣದಲ್ಲಿ ಮಾತ್ರ ಬೇರೆಯೇ ಗುಡ್ಡ. ಕೆಂಪು ಮಣ್ಣು, ಅದರ ಮೇಲೆ ಹಸಿರು, ಎಲ್ಲಿ ಕಾಲಿಟ್ಟರೂ ಸಣ್ಣ ನೀರಿನ ಸದ್ದು. ನವಿಲು ಕೂಗಿದ್ದು ಲೆಕ್ಕ ಇಡೋಕೆ ಆಗಲಿಲ್ಲ. ದಾರಿಯುದ್ದಕ್ಕೂ ಅಪ್ಪ ಬಗ್ಗಿ ಬಗ್ಗಿ ಎಲೆ ಕಿತ್ತು "ಇದು ಕಾಮಾಲಿಗೆ, ಇದು ಕೆಮ್ಮಿಗೆ" ಅಂತಿದ್ದ. ನನಗಿಂತ ಮುಂದೆಯೇ ಇದ್ದ. ಮಂಡಿ ನೋವು ಅಂತ ಮಾತ್ರೆ ತಗೊಳ್ಳೋ ಮನುಷ್ಯ! "ಎಷ್ಟು ಸಲ ಹತ್ತೀಯಪ್ಪಾ?" ಅಂದೆ. "ಆಯಿ ಇರೋ ತನಕ ವರ್ಷಾ" ಅಂದ. ನನಗೆ ಇದು ಗೊತ್ತೇ ಇರಲಿಲ್ಲ.

ಮಲ್ಲಯ್ಯನ ಗುಡಿಯಲ್ಲಿ ಶ್ರಾವಣ ಸೋಮವಾರದ ಗದ್ದಲ. ದರ್ಶನ ಮಾಡಿ, ಕಾಯಿ ಒಡೆಸಿ, ಆಚೆ ಗುಡ್ಡದ ಅಂಚಿನ ಕಡೆ ಹೋಗಿ ಬುತ್ತಿ ಬಿಚ್ಚಿದೆವು. ಮೂಡಣಕ್ಕೆ ದಂಬಳದ ಕೆರೆ ಕನ್ನಡಿ ಹಾಗೆ. ಈ ಗುಡ್ಡದ ನೀರೇ ಹರಿದು ಹೋಗಿ ಅದು ತುಂಬೋದು. ಅದೇ ದಂಬಳದಲ್ಲಿ 1095ರ ಸುಮಾರಿಗೆ ಹದಿನಾರು ಮಂದಿ ಸೆಟ್ಟರು ಸೇರಿ ತಾರಾಭಗವತಿಗೆ ಒಂದು ಬೌದ್ಧ ವಿಹಾರ ಕಟ್ಟಿಸಿದ್ದರು ಅಂತ ಶಾಸನ ಇದೆ. ಜಪಾನಿನಲ್ಲಿ ಗುಡ್ಡದಿಂದ ಕೆಳಗಿಳಿಸಿದ ಬುದ್ಧನನ್ನ ನೋಡಿ ಅಯ್ಯೋ ಅಂದುಕೊಂಡಿದ್ದೆ. ನಮ್ಮ ಗುಡ್ಡದ ಬುಡದಲ್ಲಿ ಅವನು ಇದ್ದನೆಂಬುದಕ್ಕೆ ಕಲ್ಲಿನ ಮೇಲಿನ ಅಕ್ಷರ ಉಳಿದದ್ದೇ ದೊಡ್ಡದು. ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವನು ಕೆರೆ ಕಡೆ ನೋಡ್ತಿರಲಿಲ್ಲ.

"ಆ ಒಂಟಿ ಬೇವಿನ ಗಿಡ ಕಾಣ್ತೈತೇನು? ಅದರ ಈ ಕಡಿ ಕೆಂಪಂದು..." ಅಂದು ನಿಲ್ಲಿಸಿದ. ನನಗೆ ಗಿಡವೂ ಕಾಣಲಿಲ್ಲ, ಹೊಲವೂ ಕಾಣಲಿಲ್ಲ. ಅಷ್ಟು ದೂರ. ಆದರೆ ಯಾವುದು ಅಂತ ತಿಳೀತು.

ನಾನು ಹನ್ನೊಂದು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನ ಹೇಳಿದೆ. ಅವತ್ತು ಫೋನಿನಲ್ಲಿ ಹಾಗೆ ಅನ್ನಬಾರದಿತ್ತು, ಸಾಲಕ್ಕೆ ನಾನು ಏನಾದರೂ ಮಾಡಬಹುದಿತ್ತು ಅಂತ. ಅಪ್ಪ ರೊಟ್ಟಿ ಮುರಿಯೋದು ಬಿಡಲಿಲ್ಲ.

"ಕೊಡಬೇಕಂತ ಕೇಳಿದ್ದಿಲ್ಲೋ ತಮ್ಮಾ. ನೀ ಬ್ಯಾಡ ಅಂತೀಯೇನಂತ ಕೇಳಿದ್ದೆ."

ಅಷ್ಟೇ ಅಂದದ್ದು. ಸಿಟ್ಟಿನಿಂದಲ್ಲ, ಬೇಜಾರಿನಿಂದಲೂ ಅಲ್ಲ, ಹೆಸರಿನ ರೇಟು ಹೇಳೋ ದನಿಯಲ್ಲಿ. ನನಗೆ ಏನೂ ಹೊಳೆಯಲಿಲ್ಲ. ಚಟ್ನಿ ಮುಂದೆ ಸರಿಸಿದೆ.

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಡಿಯಿತು. ಲಕ್ಷ್ಮೇಶ್ವರದ ಅತ್ತೆ. ಅಲ್ಲಿ ಜೋರು ಹಿಡಿದಿದೆಯಂತೆ, ಬೀದಿಯಲ್ಲಿ ನೀರು ಹರೀತಿದೆಯಂತೆ. ಆಶ್ಲೇಷ ಮಳೆ. ಎದ್ದು ಪಡುವಣದ ಕಡೆ ಹೋಗಿ ನಿಂತೆವು. ಶಿರಹಟ್ಟಿ ದಿಕ್ಕಿನಲ್ಲಿ ಬೂದು ಪರದೆ ಇಳಿಬಿಟ್ಟ ಹಾಗೆ ಮಳೆ ನಡೆದು ಬರ್ತಿತ್ತು. ನಾನು ಅಲ್ಲಿಯವರೆಗೆ ಮಳೆ ಬರೋದನ್ನ ಯಾವಾಗಲೂ ಗುಡ್ಡದ ಈ ಕಡೆಯಿಂದ ನೋಡಿದವನು. ಎತ್ತಿನ ಒಂದು ಕೋಡು ತೋದು ಇನ್ನೊಂದು ಒಣಗಿರೋ ಹಾಗೆ ಮಳೆ ಬೀಳುತ್ತೆ ಅಂತಾರಲ್ಲ, ಮೇಲಿನಿಂದ ಅದು ಕಣ್ಣಿಗೇ ಕಾಣುತ್ತೆ. ಇಲ್ಲೊಂದು ಊರು ಮಸುಕಾಗಿ ಹೋಯ್ತು, ಪಕ್ಕದ್ದು ಬಿಸಿಲಲ್ಲೇ ಉಳೀತು. "ಅದು ಕಡಕೋಳ... ಈಗ ಅಲ್ಲಿ ಹಿಡೀತು" ಅಂತ ಅಪ್ಪ ಊರ ಹೆಸರು ಹೇಳ್ತಾ ಹೋದ. ಫ್ಯಾನುಗಳು ಒಂದೊಂದಾಗಿ ಮುಚ್ಚಿಹೋದವು. ಆಮೇಲೆ ತಣ್ಣನೆ ಗಾಳಿ, ಆಮೇಲೆ ಹತ್ತು ಹೆಜ್ಜೆ ಆಚೆಗಿನ ಕಲ್ಲೂ ಇಲ್ಲ.

ಗುಡಿಯ ಕಡೆ ಓಡೋ ಮುಂಚೆ ಕೈಮುಗಿದೆನಾ ಅಂದ್ರೆ, ಮುಗಿದೆ. ಈ ಸಲ ಹೋಬಳಿ ಸರಿಯಿತ್ತು.

ತೊಯ್ದುಕೊಂಡು ಸೂರಿನಡಿ ನಿಂತಿದ್ದಾಗ ಅವ್ವನ ಫೋನು. ಊರಲ್ಲಿ ಇನ್ನೂ ಖಡಕ್ ಬಿಸಿಲಂತೆ.

"ಗುಡ್ಡನ ಕಾಣವಲ್ದು ಇಲ್ಲಿಂದ. ಎಲ್ಲಿ ಅದೀರಿ? ಅರಿವಿ ಒಣಗಹಾಕೇನಿ, ತಗೀಲೇನು?"

ಅಪ್ಪ ಪಂಚೆಯ ತುದಿ ಹಿಂಡ್ತಾ ಮೋಡದ ಕಡೆ ಒಮ್ಮೆ ನೋಡಿದ.

"ಇನ್ನೊಂದ್ ತಾಸು ತಡಿ," ಅಂದ.